ಬಣ್ಣ ಹತ್ತದ ಜಾಗ

"ಕಿಡಿ ಎಲ್ಲಿಗೆ ಹೋಯ್ತು?"

ಗುಬ್ಬಿ ಯಾರನ್ನೂ ಕೇಳಿದ್ದಲ್ಲ. ಬಾಯಿಂದ ತಾನಾಗಿ ಬಂತು, ಅಷ್ಟೆ. ಆದರೆ ಪ್ರಯೋಗದ ಕೋಣೆ ಆ ಹೊತ್ತಿನಲ್ಲಿ ಎಷ್ಟು ಸುಮ್ಮನಿತ್ತು ಅಂದರೆ, ಅದು ಎಲ್ಲರ ಹಿಂದೆ ನಿಂತವರಿಗೂ ಕೇಳಿಸಿತು.

ಸೈನ್ಸ್ ಮೇಷ್ಟ್ರು ಕಿಟಕಿಯ ಪರದೆ ಎಳೆದು ಕತ್ತಲೆ ಮಾಡಿದ್ದರು. ಇಡೀ ಕ್ಲಾಸು ಗುಬ್ಬಿಯ ಮೇಜಿನ ಸುತ್ತ ನಿಂತಿತ್ತು. ಮೇಜಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ. ಹಾಳೆಯ ಮೇಲೆ ಡಬ್ಬಿಯ ಮುಚ್ಚಳ. ಅದರ ಬಣ್ಣವೋ, ನವಿಲಿನ ಕತ್ತಿನಂಥ ನೀಲಿ! ಕತ್ತಲೆಯಲ್ಲೂ ಮಿರಮಿರ ಮಿಂಚುತ್ತಿತ್ತು.

ಗುಬ್ಬಿ ಇನ್ನೊಂದು ಸಲ ಮಾಡಿದಳು. ಉಣ್ಣೆಯ ಮಫ್ಲರಿನಿಂದ ಹಾಳೆಯನ್ನು ಗಸಗಸ ಉಜ್ಜಿದಳು. ಮುಚ್ಚಳದ ನಡುವೆ ಹಿಡಿಯ ಹಾಗೆ ಒಂದು ಪ್ಲಾಸ್ಟಿಕ್ ಶೀಶೆ ಅಂಟಿಸಿದ್ದಳು. ಅದನ್ನು ಹಿಡಿದು ಮುಚ್ಚಳವನ್ನು ಹಾಳೆಯ ಮೇಲಿಟ್ಟಳು. ಬೆರಳಿಂದ ಮುಚ್ಚಳವನ್ನು ಮುಟ್ಟಿದಳು. ಬೆರಳು ತೆಗೆದಳು. ಮುಚ್ಚಳ ಎತ್ತಿ, ಇನ್ನೊಂದು ಕೈಯ ಬೆರಳ ಗೆಣ್ಣನ್ನು ಅದರ ಹತ್ತಿರ ತಂದಳು.

'ಚಟ್' ಅನ್ನಬೇಕಿತ್ತು. ಅನ್ನಲಿಲ್ಲ.

"ಸಾರ್, ಕಿಡಿ ಊಟಕ್ಕೆ ಹೋಗಿರ್ಬೇಕು ಸಾರ್!" ಅಂತ ಯಾರೋ ಕೂಗಿದರು. ಯಾರೋ ಏನು, ರೇಡಿಯೊನೇ. ಗುಬ್ಬಿಯ ಪಕ್ಕದಲ್ಲಿ ಕೂರುವ ಹುಡುಗಿ. ಒಂದು ಸಲ ಶುರುವಾದರೆ ಆಫ್ ಮಾಡೋಕೆ ಬಟನ್ ಇಲ್ಲ ಅಂತ ಮೇಷ್ಟ್ರೇ ಇಟ್ಟ ಹೆಸರು.

ಎಲ್ಲರೂ ನಕ್ಕರು.

"ಮೊನ್ನೆ ತನಕ ಬರ್ತಿತ್ತು ಸಾರ್," ಅಂದಳು ಗುಬ್ಬಿ. "ಬೇಕಾದ್ರೆ ನಮ್ಮಜ್ಜಿನ ಕೇಳಿ. ಅಷ್ಟುದ್ದ ಕಿಡಿ!"

"ಮೊನ್ನೆ ಬಣ್ಣ ಇರ್ಲಿಲ್ಲ, ಇವತ್ತು ಇದೆ," ಅಂತ ರೇಡಿಯೊ ಮುಚ್ಚಳದ ಮೇಲೆ ಬಗ್ಗಿದಳು. "ನಿಮ್ಮಮ್ಮನ ಬಣ್ಣ ಕಿಡಿನೆಲ್ಲ ನುಂಗಿ ನೀರು ಕುಡೀತು ಕಣೇ!"

ಗುಬ್ಬಿಯ ಕಿವಿ ಬಿಸಿಯಾಯಿತು.

"ನಮ್ಮಮ್ಮನ ಬಣ್ಣಕ್ಕೆ ಏನೂ ಆಗಿಲ್ಲ! ಬಸ್ ಸ್ಟ್ಯಾಂಡಲ್ಲಿ ಕೂತ್ಕೊಳ್ತೀಯಲ್ಲ ಕುರ್ಚಿ, ಅದಕ್ಕೆಲ್ಲ ನಮ್ಮಮ್ಮನೇ ಬಣ್ಣ ಹೊಡ್ದಿರೋದು. ನಾನು ಹುಟ್ಟೋಕೆ ಮುಂಚೆ. ಇವತ್ತಿಗೂ ಒಂದು ಚಕ್ಕೆ ಎದ್ದಿಲ್ಲ. ಗೊತ್ತಾ?"

"ಸರಿ ಸರಿ, ಜಗಳ ಬೇಡ," ಅಂದರು ಮೇಷ್ಟ್ರು. "ಗುಬ್ಬಿ, ಇದು ಹೇಗೆ ಕೆಲಸ ಮಾಡುತ್ತೆ ಅಂತ ಮೊದಲು ಇವರಿಗೆ ಹೇಳು."

ಗುಬ್ಬಿಗೆ ಅದು ಬಾಯಿಪಾಠ. "ಹಾಳೆನ ಉಣ್ಣೆಯಿಂದ ಉಜ್ಜಿದ್ರೆ ಅದರ ಮೇಲೆ ಋಣ ವಿದ್ಯುತ್ ಬಂದು ಕೂರುತ್ತೆ. ಲೋಹದ ಮುಚ್ಚಳದಲ್ಲಿ ಋಣನೂ ಇರುತ್ತೆ, ಧನನೂ ಇರುತ್ತೆ, ಸಮ ಸಮ. ಆದ್ರೆ ಋಣಕ್ಕೆ ಋಣ ಕಂಡ್ರೆ ಆಗಲ್ಲ. ಮುಚ್ಚಳನ ಹಾಳೆ ಮೇಲಿಟ್ರೆ ಮುಚ್ಚಳದ ಋಣ ಎಲ್ಲ ಹೆದರಿ ಮೇಲಕ್ಕೆ ಓಡುತ್ತೆ."

"ಆಗ ನೀನು ಬೆರಳಿಟ್ರೆ?"

"ನನ್ನ ಬೆರಳೇ ಬಾಗಿಲು ಸಾರ್. ಋಣ ಅದರಿಂದ ಹೊರಗೆ ಹೋಗಿ, ನನ್ನ ಮೈಯಿಂದ ಇಳಿದು ನೆಲಕ್ಕೆ ಸೇರ್ಕೊಳ್ಳುತ್ತೆ. ಬೆರಳು ತೆಗೆದ್ರೆ ಬಾಗಿಲು ಮುಚ್ಚಿತು. ಹೋದವರು ಹೋದ್ರು. ಮುಚ್ಚಳದಲ್ಲಿ ಧನ ಜಾಸ್ತಿ ಆಯ್ತು. ಈಗ ಎತ್ತಿ ಕೈ ಹತ್ತಿರ ತಂದ್ರೆ, ಚಟ್!"

"ಅಂದ್ರೆ ಹಾಳೆ ಮುಚ್ಚಳಕ್ಕೆ ಏನೂ ಕೊಡಲ್ವಾ ಸಾರ್?" ಅಂತ ಕೇಳಿದಳು ರೇಡಿಯೊ.

"ಕೊಡಲ್ಲ. ಹತ್ತಿರ ಇರುತ್ತೆ, ಅಷ್ಟೆ. ಹತ್ತಿರ ಇದ್ರೇ ಸಾಕು. ಅದೇ ಇದರ ಚೆಂದ." ಮೇಷ್ಟ್ರು ಮುಚ್ಚಳವನ್ನು ಎತ್ತಿ, ತಿರುಗಿಸಿ ನೋಡಿ, ಮೀಸೆಯೊಳಗೇ ನಕ್ಕರು. "ನೀನೇನೋ ಎಲ್ಲ ಸರಿಯಾಗೇ ಹೇಳಿದೆ ಗುಬ್ಬಿ. ಈ ಮುಚ್ಚಳಕ್ಕೆ ಮಾತ್ರ ಕೇಳಿಸ್ಲಿಲ್ಲ."

"ಏನಾಗಿದೆ ಸಾರ್ ಇದಕ್ಕೆ?"

"ನಾನು ಹೇಳಿದ್ರೆ ಅದು ನನ್ನ ಪ್ರಯೋಗ ಆಗುತ್ತೆ. ಬಾಗಿಲು ಬಾಗಿಲು ಅಂತ ನೀನೇ ಹೇಳಿದ್ಯಲ್ಲ, ಅಲ್ಲಿಂದ ಹುಡುಕು. ನಾಳೆ ಬೆಳಿಗ್ಗೆ ಬೆಲ್ ಹೊಡೆಯೋಕೆ ಮುಂಚೆ ಇನ್ನೊಂದು ಸಲ ನೋಡ್ತೀನಿ. ಕಿಡಿ ಬಂದ್ರೆ ಬಾಗಿಲ ಹತ್ತಿರದ ಮೊದಲನೇ ಮೇಜು ನಿಂದು. ಬರದಿದ್ರೆ ಪೆರಿಸ್ಕೋಪ್ ಮಾಡಿದವರಿಗೆ."

ನಾಳೆ ವಿಜ್ಞಾನ ಪ್ರದರ್ಶನ. ನಾಳೆ ಅಮ್ಮ ಬರುತ್ತಾಳೆ. ಗುಬ್ಬಿ ಮೊದಲನೇ ಮೇಜಿಗೆ ಅಂತ ಬರೆದಿಟ್ಟ ರಟ್ಟಿನ ಕಾರ್ಡು ಆಗಲೇ ಬ್ಯಾಗಿನಲ್ಲಿತ್ತು. 'ಕಿಡಿ ಕೊಡುವ ಮುಚ್ಚಳ' ಅಂತ ದೊಡ್ಡದಾಗಿ. ಕೆಳಗೆ ತನ್ನ ಹೆಸರು. ಅದರ ಕೆಳಗೆ, 'ಬಣ್ಣ: ನನ್ನ ಅಮ್ಮ.'

*

ಆ ಮುಚ್ಚಳ ಮೊದಲು ಹೀಗಿರಲಿಲ್ಲ. ಅಜ್ಜಿಯ ಹಿಟ್ಟಿನ ಡಬ್ಬಿ ತಳ ತೂತಾಗಿ ಮೂಲೆ ಸೇರಿತ್ತು. ಅದರ ಮುಚ್ಚಳ ಮಂಕಾಗಿ, ಗೀರು ಗೀರಾಗಿ, ಮುದುಕನ ಮುಖದ ಹಾಗಿತ್ತು. ಆದರೆ ಮೊದಲ ದಿನವೇ ಚಟ್ ಅಂದಿತ್ತು.

ಮೊದಮೊದಲು ಗುಬ್ಬಿಗೆ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಮರೆತುಹೋಗುತ್ತಿತ್ತು. ಬೆರಳು ತೆಗೆಯೋಕೆ ಮೊದಲೇ ಮುಚ್ಚಳ ಎತ್ತಿಬಿಡುತ್ತಿದ್ದಳು. ಬಾಗಿಲು ತೆರೆದೇ ಇದ್ದರೆ ಹೋದವರೆಲ್ಲ ವಾಪಸ್ ಬರುತ್ತಾರೆ, ಕಿಡಿ ಬರೋದಿಲ್ಲ. ಅಜ್ಜಿಗೆ ವಿದ್ಯುತ್ತು ಗೊತ್ತಿಲ್ಲ, ಪದ್ಯ ಗೊತ್ತು. ಸಂಜೆಯಾದರೆ ಕಣ್ಣು ಮುಚ್ಚಿ, ಗೋಡೆಗೆ ಒರಗಿ, ನೂರಾರು ಪದ್ಯ ಹೇಳುತ್ತಾಳೆ. "ಮರೆಯೋ ಮಾತನ್ನ ಹಾಡು ಮಾಡ್ಕೋ ಮಗಾ," ಅಂದು, ಅಲ್ಲೇ ಕೂತು ಕಟ್ಟಿಕೊಟ್ಟಳು.

ಉಜ್ಜೋ ಉಜ್ಜೋ ಹಾಳೆಯ ಉಜ್ಜೋ,
ಮುಚ್ಚಳ ಇಡು ನೀ ಮೆಲ್ಲಗೆ;
ಬೆರಳಲಿ ಮುಟ್ಟು, ಬೆರಳನು ಬಿಟ್ಟು
ಆಮೇಲೆತ್ತು ಮೇಲಕ್ಕೆ!

"ಬಿಟ್ಟು ಅಂದ ಮೇಲೆ ಒಂದು ಉಸಿರು ನಿಲ್ಲು," ಅಂದಿದ್ದಳು ಅಜ್ಜಿ. "ಪದ್ಯದಲ್ಲಿ ಉಸಿರಿಗೆ ಜಾಗ ಬಿಡಬೇಕು. ಎಲ್ಲಾ ಕಡೆ ಮಾತು ತುಂಬಿದ್ರೆ ಹಾಡು ಉಸಿರು ಕಟ್ಟಿ ಸಾಯುತ್ತೆ."

ಅದಾದ ಮೇಲೆ ಒಂದು ಸಲವೂ ತಪ್ಪಲಿಲ್ಲ.

ಬಣ್ಣದ ಯೋಚನೆ ಗುಬ್ಬಿಯದು. ಪ್ರದರ್ಶನಕ್ಕೆ ಮುದುಕನ ಮುಖ ತಗೊಂಡು ಹೋಗೋದಾ? ಅಮ್ಮನ ವರ್ಕ್‌ಶಾಪಿನಲ್ಲಿ ಕುರ್ಚಿ, ಗೇಟು, ಆಸ್ಪತ್ರೆಯ ಮಂಚ, ಎಲ್ಲಕ್ಕೂ ಬಣ್ಣದ ಪುಡಿ ಹೊಡೆದು ಓವನ್ನಿನಲ್ಲಿ ಬೇಯಿಸುತ್ತಾರೆ. ಬೆಂದು ಹೊರಬಂದರೆ ಕಬ್ಬಿಣವೂ ಕನ್ನಡಿ.

"ಅಮ್ಮ, ಇದಕ್ಕೆ ಬಣ್ಣ ಹಾಕ್ಕೊಡು. ಯಾಕೆ ಅಂತ ಮಾತ್ರ ಕೇಳ್ಬೇಡ. ಪ್ರದರ್ಶನದ ದಿನ ಬಂದು ನೋಡು."

ಅಮ್ಮ ಕೇಳಲಿಲ್ಲ. ಗುಬ್ಬಿ ಹಿಡಿ ಬಿಡಿಸಿ ಕೊಟ್ಟ ಮುಚ್ಚಳವನ್ನು ತೆಗೆದುಕೊಂಡು ಹೋಗಿ, ಅಂಚಿನಲ್ಲಿ ಮೊಳೆಯಷ್ಟು ಸಣ್ಣ ತೂತು ಮಾಡಿ, ನೇತುಹಾಕಿ, ಒಂದಲ್ಲ ಎರಡು ಕೋಟ್ ಹಾಕಿ ತಂದಳು. ಇದುವರೆಗೆ ಅವಳು ಶಾಲೆಯ ಗೇಟು ದಾಟಿ ಒಳಗೆ ಬಂದದ್ದೇ ಇಲ್ಲ. ಶಿಫ್ಟು ಮುಗಿಯೋದೇ ಸಂಜೆಗೆ. "ತಲೆ ತುಂಬ ಪುಡಿ, ಹೀಗೇ ಹೇಗೆ ಬರಲಿ?" ಅನ್ನುತ್ತಿದ್ದಳು. ಈ ಸಲ ಅರ್ಧ ದಿನ ರಜೆ ಕೇಳಿಕೊಂಡಿದ್ದಾಳೆ.

ಈಗ ಅವಳಿಗೆ ಏನಂತ ಹೇಳೋದು? ನಿನ್ನ ಬಣ್ಣ ಕಿಡಿ ನುಂಗಿತು ಅಂತಲಾ?

ಮಫ್ಲರ್ ಒದ್ದೆಯಾಗಿರಬೇಕು ಅಂದುಕೊಂಡಳು ಗುಬ್ಬಿ. ಹಾಳೆಗೆ ಧೂಳು ಕೂತಿರಬೇಕು. ಅಂಟು ಸರಿ ಒಣಗಿಲ್ಲ. ಬಣ್ಣ ಬಿಟ್ಟು ಬೇರೆ ಎಲ್ಲದರ ಮೇಲೂ ಅನುಮಾನಪಟ್ಟಳು.

*

ಸಂಜೆ ಶಾಲೆ ಬಿಟ್ಟ ಮೇಲೆ ಅವಳು ದಿನಾ ವರ್ಕ್‌ಶಾಪಿಗೇ ಹೋಗೋದು. ನೆಲದ ಮೇಲಿನ ಹಳದಿ ಗೆರೆಯ ಈಚೆ ಒಂದು ಬೆಂಚಿದೆ. ಅದು ಗುಬ್ಬಿಯ ಜಾಗ. ಗೆರೆ ದಾಟಿದರೆ ಬೈಗುಳ ಗ್ಯಾರಂಟಿ.

ಅಮ್ಮ ಮಾಸ್ಕ್ ಹಾಕಿಕೊಂಡು, ಕೈಯಲ್ಲಿ ಪುಡಿ ಹೊಡೆಯುವ ಗನ್ ಹಿಡಿದು ನಿಂತಿದ್ದಳು. ಮುಂದೆ ಕಬ್ಬಿಣದ ಕಂಬಿ. ಕಂಬಿಗೆ ಕೊಕ್ಕೆಗಳು. ಕೊಕ್ಕೆಗಳಿಗೆ ಒಂದೊಂದಾಗಿ ಮಂಚದ ಕಾಲುಗಳನ್ನು ನೇತುಹಾಕಬೇಕು. ಕಂಬಿಯಿಂದ ಒಂದು ದಪ್ಪ ತಾಮ್ರದ ತಂತಿ ಇಳಿದು ನೆಲದೊಳಕ್ಕೆ ಹೋಗಿತ್ತು.

ಅಷ್ಟರಲ್ಲಿ ಸೂಪರ್‌ವೈಸರ್ ಓಡಿಬಂದರು. "ಅಕ್ಕಾ, ಬೇಗ ಬೇಗ! ಲಾರಿ ಬಂದು ನಿಂತಿದೆ. ಈ ಕೊಕ್ಕೆಗಳಿಗೇ ಹಾಕ್ಬಿಡಿ."

ಅಮ್ಮ ಒಂದು ಕೊಕ್ಕೆ ತೆಗೆದು ಬೆಳಕಿಗೆ ಹಿಡಿದಳು. ಹಳೆಯ ಬಣ್ಣ ಪದರ ಪದರವಾಗಿ ಅದಕ್ಕೆ ಮೆತ್ತಿಕೊಂಡಿತ್ತು.

"ಹಾಕಲ್ಲ ಸಾರ್."

"ಅಯ್ಯೋ, ಒಂದೇ ಒಂದು ಸಲ..."

"ಹಾಕಲ್ಲ. ಕೆರೆದು ಕೊಟ್ರೆ ಹಾಕ್ತೀನಿ."

"ನಿಮ್ಮದೊಂದು ಹಟ ಅಕ್ಕ! ಬಣ್ಣ ಹೊಡಿಯೋದು ಮಂಚಕ್ಕಾ, ಕೊಕ್ಕೆಗಾ?"

"ನೀವೇ ನೋಡಿ ಹಾಗಾದ್ರೆ." ಅಮ್ಮ ಬಣ್ಣ ಮೆತ್ತಿದ ಕೊಕ್ಕೆಗೇ ಒಂದು ಕಾಲನ್ನು ನೇತುಹಾಕಿ ಪುಡಿ ಹೊಡೆದಳು. ಬಿಳಿ ಪುಡಿ ಬುಸ್ಸೆಂದು ಹೋಯಿತು. ಒಂದಿಷ್ಟು ಕೂತ ಹಾಗೆ ಮಾಡಿತು. ಮಿಕ್ಕಿದ್ದೆಲ್ಲ ಜರಡಿ ಹಿಡಿದ ಹಿಟ್ಟಿನ ಹಾಗೆ ನೆಲಕ್ಕೆ ಉದುರಿತು.

ಆಮೇಲೆ ಅಮ್ಮ ಅದೇ ಕೊಕ್ಕೆಯನ್ನು ಅರದಿಂದ ಕರಕರ ಕೆರೆದಳು, ತುದಿಯಲ್ಲಿ ಬೆಳ್ಳಗೆ ಕಬ್ಬಿಣ ಕಾಣುವ ತನಕ. ಅದೇ ಕಾಲನ್ನು ಒರೆಸಿ ಮತ್ತೆ ನೇತುಹಾಕಿದಳು. ಈ ಸಲ ಪುಡಿ ಕರೆದ ಹಾಗೆ ಹಾರಿ ಹೋಗಿ ಅಂಟಿಕೊಂಡಿತು. ಅಮ್ಮ ನಿಂತದ್ದು ಮುಂದೆ, ಪುಡಿ ಹಿಂಭಾಗಕ್ಕೂ ಸುತ್ತಿಕೊಂಡು ಹೋಗಿ ಕೂತಿತು.

ಸೂಪರ್‌ವೈಸರ್ ತಲೆ ಕೆರೆದುಕೊಂಡರು. ತಾವೇ ಒಂದು ಅರ ಎತ್ತಿಕೊಂಡು ಕೂತರು.

ಗುಬ್ಬಿ ಹಳದಿ ಗೆರೆಯ ತುದಿಗೆ ಬಂದು ನಿಂತಿದ್ದಳು. ಕಾಲ್ಬೆರಳು ಸರಿಯಾಗಿ ಗೆರೆಯ ಮೇಲೆ.

"ಅಮ್ಮ, ಕೊಕ್ಕೆ ಮೇಲೆ ಬಣ್ಣ ಇದ್ರೆ ಏನಾಗುತ್ತೆ?"

ಅಮ್ಮ ಮಾಸ್ಕ್ ಇಳಿಸಿದಳು. "ಪುಡಿ ಗನ್ನಿಂದ ಕರೆಂಟು ಹಿಡ್ಕೊಂಡು ಬರುತ್ತೆ ಪುಟ್ಟಿ. ಅದು ಹತ್ತಿರ ಬಂದ್ರೆ ಕಬ್ಬಿಣದೊಳಗಿನ ಕರೆಂಟು ಒಂದಷ್ಟು ಆಚೆಗೆ ಓಡಬೇಕು, ನೆಲ ಸೇರಬೇಕು. ಆಗಲೇ ಕಬ್ಬಿಣ ಪುಡಿನ ಎಳ್ಕೊಳ್ಳೋದು. ಮಂಚದಿಂದ ಕೊಕ್ಕೆ, ಕೊಕ್ಕೆಯಿಂದ ಕಂಬಿ, ಕಂಬಿಯಿಂದ ನೆಲ. ನಡುವೆ ಬಣ್ಣ ಬಂದ್ರೆ ದಾರಿ ಬಂದ್."

ದಾರಿ ಬಂದ್. ಬಾಗಿಲು ಬಂದ್.

ಹಾಗಾದರೆ ರೇಡಿಯೊ ಹೇಳಿದ್ದೇ ನಿಜ.

"ಅಂದ್ರೆ... ಬಣ್ಣ ಚೆನ್ನಾಗಿಲ್ಲ ಅಂತಾನಾ ಅಮ್ಮ?"

"ಏನಂದೆ?" ಅಮ್ಮನ ಹುಬ್ಬು ಮೇಲೆ ಹೋಯಿತು. "ಚೆನ್ನಾಗಿಲ್ಲದೆ ಇದ್ದಿದ್ರೆ ಎಲ್ಲೋ ಒಂದು ಕಡೆ ಬಿರುಕು ಬಿಟ್ಟು ದಾರಿ ಕೊಡ್ತಿತ್ತು. ಒಳ್ಳೇ ಬಣ್ಣ ಕಣೇ. ಒಳಗಿನದನ್ನ ಒಳಗೇ ಇಡುತ್ತೆ, ಹೊರಗಿನದನ್ನ ಹೊರಗೇ. ಮಳೆನೂ ಬಿಡಲ್ಲ, ತುಕ್ಕೂ ಬಿಡಲ್ಲ, ಕರೆಂಟೂ ಬಿಡಲ್ಲ. ಅದು ಅದರ ಗುಣ."

ಗುಬ್ಬಿ ಉಸಿರು ಬಿಟ್ಟಳು. ಬಣ್ಣ ನುಂಗಿಲ್ಲ. ಬಣ್ಣ ಕಾವಲು ನಿಂತಿದೆ.

"ಹಾಗಾದ್ರೆ ಕೊಕ್ಕೆ ಮುಟ್ಟೋ ಜಾಗಕ್ಕೆ ಬಣ್ಣನೇ ಹತ್ತಲ್ವಾ?"

"ಹತ್ತಲ್ಲ. ನಾನು ಹೊಡೆದ ಒಂದೊಂದು ಸಾಮಾನಲ್ಲೂ ಒಂದು ಚುಕ್ಕೆ ಬರೀ ಕಬ್ಬಿಣ ಇರುತ್ತೆ. ಅದನ್ನ ಕಾಣದ ಕಡೆ ಇಡೋದೇ ಕೈಚಳಕ. ಬಸ್ ಸ್ಟ್ಯಾಂಡಿನ ಕುರ್ಚಿ ಕೆಳಗೆ ಬಗ್ಗಿ ನೋಡು ಯಾವಾಗಲಾದ್ರೂ. ಆ ಚುಕ್ಕೆನೇ ಕೊಕ್ಕೆ ಮೂಲಕ ನೆಲ ಅದನ್ನ ಹಿಡ್ಕೊಂಡಿದ್ದ ಜಾಗ."

ಗುಬ್ಬಿ ಬ್ಯಾಗಿನಿಂದ ಮುಚ್ಚಳ ತೆಗೆದಳು. ಅಂಚಿನ ಸಣ್ಣ ತೂತನ್ನು ಕಣ್ಣಿನ ಹತ್ತಿರ ಹಿಡಿದಳು. ಹೌದು. ತೂತಿನ ಒಳಗೆ, ಕೂದಲೆಳೆಯಷ್ಟು, ಮಂಕು ಬೆಳ್ಳಿಯ ಬಣ್ಣ. ಅಜ್ಜಿಯ ಹಳೆಯ ಮುಚ್ಚಳ ಅಲ್ಲಿಂದ ಇಣುಕುತ್ತಿತ್ತು.

"ಅಮ್ಮ, ಅರ ಕೊಡು! ಈಗಲೇ ಮಾಡಿ ತೋರಿಸ್ತೀನಿ. ಕಿಡಿ ಬರುತ್ತೆ!"

"ಕಿಡಿನಾ?" ಅಮ್ಮನ ದನಿ ಏರಿತು. "ಇಲ್ಲಿ ಗಾಳಿ ತುಂಬ ಪುಡಿ ಇದೆ. ಕಿಡಿ ಗಿಡಿ ಅಂದ್ರೆ ಕಾಲು ಮುರೀತೀನಿ. ನಡಿ, ಮನೆಗೆ ಹೋಗಿ ಅದೇನು ಅಂತ ಹೇಳು."

*

ಮನೆಯಲ್ಲಿ ಗುಟ್ಟೆಲ್ಲ ಹೊರಗೆ ಬಂತು. ಮಧ್ಯಾಹ್ನದ್ದೂ ಬಂತು. ರೇಡಿಯೊ ನಗಿಸಿದ್ದೂ ಬಂತು.

ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡಳು. ನೀಲಿಯ ಮೇಲೆ ಹೆಬ್ಬೆರಳಾಡಿಸಿದಳು. ಒಂದು ಗೀರಿಲ್ಲ, ಒಂದು ಗುಳ್ಳೆಯಿಲ್ಲ.

"ಎರಡು ಕೋಟ್ ಕಣೇ," ಅಂದಳು ಮೆಲ್ಲಗೆ.

"ಸ್ವಲ್ಪ ಸಾಕಮ್ಮ. ಅಂಗಿಯ ಗುಂಡಿಯಷ್ಟು."

ಅಮ್ಮ ಅರವನ್ನು ಅವಳ ಕೈಗಿಟ್ಟಳು. "ನೀನೇ ಕೆರಿ. ನಾನು ಹಾಕಿದ್ದನ್ನ ಕೆರೆಯೋಕೆ ನನ್ನ ಕೈ ಬರಲ್ಲ."

ಗುಬ್ಬಿ ತೂತಿನ ಪಕ್ಕದಲ್ಲಿ ಕೆರೆದಳು. ಬಣ್ಣ ಸುಲಭಕ್ಕೆ ಬಿಡಲಿಲ್ಲ. ಭುಜ ನೋಯುವ ತನಕ ಕೆರೆದಳು. ಅಮ್ಮ ನೋಡುತ್ತಾ ನೋಡುತ್ತಾ ಮುಖ ಕಿವಿಚುತ್ತಿದ್ದವಳು, ಕೊನೆಗೆ ನಕ್ಕೇ ಬಿಟ್ಟಳು. "ನೋಡಿದ್ಯಾ, ಎಷ್ಟು ಗಟ್ಟಿ!"

ಗೋಡೆಗೆ ಒರಗಿದ್ದ ಅಜ್ಜಿ ಕಣ್ಣು ತೆರೆಯದೆ ಅಂದಳು, "ಉಸಿರಿಗೆ ಜಾಗ ಬಿಟ್ರಾ?"

"ಬಿಟ್ವಿ ಅಜ್ಜಿ."

ದೀಪ ಆರಿಸಿದರು. ಅಜ್ಜಿ ಹಾಡಿದಳು, ಗುಬ್ಬಿಯ ಕೈ ನಡೆಯಿತು. ಉಜ್ಜೋ ಉಜ್ಜೋ ಹಾಳೆಯ ಉಜ್ಜೋ. ಮುಚ್ಚಳ ಇಟ್ಟಳು, ಮೆಲ್ಲಗೆ. ಕೆರೆದ ಜಾಗವನ್ನು ಬೆರಳಲ್ಲಿ ಮುಟ್ಟಿದಳು. ಬಿಟ್ಟಳು. ಒಂದು ಉಸಿರು ನಿಂತಳು. ಎತ್ತಿದಳು.

"ಅಮ್ಮ, ನೀನು ಬೆರಳು ತಾ. ಬಣ್ಣ ಇಲ್ಲದ ಕಡೆಗೆ."

ಚಟ್!

ಸಣ್ಣ ನೀಲಿ ಕಿಡಿ. ಮುಚ್ಚಳದ ನೀಲಿಗಿಂತ ತೆಳು. ಬಂತು, ಹೋಯಿತು.

"ಅಯ್ಯಯ್ಯೋ, ಕಚ್ಚಿತು!" ಅಮ್ಮ ಬೆರಳು ಜಾಡಿಸಿಕೊಂಡಳು. ಆಮೇಲೆ ಕತ್ತಲೆಯಲ್ಲೇ ಬೆರಳನ್ನು ಮತ್ತೆ ಮುಂದೆ ಚಾಚಿದಳು. "ಇನ್ನೊಂದು ಸಲ ಮಾಡೇ."

*

ಬೆಳಿಗ್ಗೆ ಮೇಷ್ಟ್ರು ತಮ್ಮ ಗೆಣ್ಣಿಗೇ ಕಿಡಿ ತಗುಲಿಸಿಕೊಂಡರು. "ಬಾಗಿಲು ಸಿಕ್ತಾ?"

"ಸಿಕ್ತು ಸಾರ್. ಬಣ್ಣ ಅಡ್ಡ ಇತ್ತು."

"ನಾನು ಹೇಳ್ಲಿಲ್ವಾ, ಬಣ್ಣ ನುಂಗಿದೆ ಅಂತ!" ಅಂತ ರೇಡಿಯೊ ಕುಣಿದಳು.

"ನುಂಗಿಲ್ಲ, ಬಿಟ್ಟಿಲ್ಲ," ಅಂದಳು ಗುಬ್ಬಿ. "ಅಷ್ಟು ಒಳ್ಳೇ ಬಣ್ಣ. ಭುಜ ಬಿದ್ದುಹೋಯ್ತು ಕೆರೆಯೋಕೆ."

ಮೊದಲನೇ ಮೇಜಿನ ಮೇಲೆ ಕಾರ್ಡು ನಿಂತಿತು. ಸ್ವಲ್ಪ ಹೊತ್ತಿಗೆ ಅಮ್ಮ ಬಂದಳು. ತಲೆ ತೊಳೆದು, ಒಳ್ಳೆಯ ಬಟ್ಟೆ ಉಟ್ಟಿದ್ದಳು. ಆದರೂ ಕಿವಿಯ ಹಿಂದೆ ಒಂದಿಷ್ಟು ಬಿಳಿ ಪುಡಿ ಉಳಿದಿತ್ತು. ಗುಬ್ಬಿ ಒರೆಸು ಅಂತ ಹೇಳಲಿಲ್ಲ. ಅದು ಅಲ್ಲಿರೋದೇ ಚೆಂದ ಅನ್ನಿಸಿತು.

ಅಮ್ಮ ಕೋಣೆಯನ್ನೆಲ್ಲ ಒಂದು ಸಲ ನೋಡಿದಳು. ಆಮೇಲೆ ಬಗ್ಗಿ, ಶಾಲೆಯ ಕಬ್ಬಿಣದ ಬೆಂಚಿನ ತಳ ನೋಡಿದಳು.

"ಏನ್ ಆಂಟಿ, ಏನಾದ್ರೂ ಬಿತ್ತಾ?" ಅಂದಳು ರೇಡಿಯೊ.

"ಇಲ್ಲಮ್ಮ." ಅಮ್ಮ ಗುಬ್ಬಿಯ ಕಿವಿಯಲ್ಲಿ ಪಿಸುಗುಟ್ಟಿದಳು, "ಇದು ನಮ್ಮಲ್ಲಿ ಮಾಡಿದ್ದಲ್ಲ. ಚುಕ್ಕೆ ಎದುರಿಗೇ ಬಿಟ್ಟಿದ್ದಾರೆ."

ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು.

ಆಗ ಹೆಡ್‌ಮೇಡಂ ಬಂದರು. ನೋಡುವವರು ಒಳಗೆ ಬರುವ ಮುಂಚೆ ಎಲ್ಲ ಅಚ್ಚುಕಟ್ಟಾಗಿದೆಯಾ ಅಂತ ಒಂದೊಂದೇ ಮೇಜು ನೋಡುತ್ತಿದ್ದರು. ಅವರ ಕೈಯಲ್ಲಿ ಬಂಗಾರದ ಬಣ್ಣದ ಸ್ಟಾರ್ ಸ್ಟಿಕರುಗಳ ಹಾಳೆ.

"ಆಹಾ, ಏನು ಬಣ್ಣ! ಯಾರು ಹಾಕಿದ್ದು ಇದು?"

"ನಮ್ಮಮ್ಮ ಮೇಡಂ. ಇವರೇ," ಅಂದಳು ಗುಬ್ಬಿ. ಅಷ್ಟು ಜೋರಾಗಿ ಅವಳು ಹಾಜರಿಯನ್ನೂ ಹೇಳಿದ್ದಿಲ್ಲ.

ಮೇಡಂ ಅಮ್ಮನಿಗೆ ನಮಸ್ಕಾರ ಮಾಡಿದರು. ಅಮ್ಮ ಒದ್ದೆಯಾದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಕೈ ಮುಗಿದಳು. ಮೇಡಂ ಮತ್ತೆ ಮುಚ್ಚಳದ ಕಡೆ ಬಗ್ಗಿದರು. ಅವರ ಮುಖ ಸಣ್ಣದಾಯಿತು.

"ಅಯ್ಯೋ, ಇಷ್ಟು ಚೆಂದದ ಸಾಮಾನಿಗೆ ಇದೇನು ಗಾಯ? ಎಲ್ಲರಿಗೂ ಮೊದಲು ಕಾಣೋ ಮೇಜು ಇದು." ಅವರು ಒಂದು ಸ್ಟಾರ್ ಕಿತ್ತು, ಬೆರಳ ತುದಿಗೆ ಅಂಟಿಸಿಕೊಂಡು ಗುಬ್ಬಿಯ ಮುಂದೆ ಹಿಡಿದರು. "ತಗೋ ಮರಿ, ಅಲ್ಲಿ ಈ ಸ್ಟಾರ್ ಹಾಕಿಬಿಡು. ಮುಚ್ಚಿಹೋಗುತ್ತೆ."

ಸ್ಟಾರ್ ಮಿನುಗಿತು. ರೇಡಿಯೊ ಕೂಡ ಆಫ್ ಆಗಿದ್ದಳು.

ಗುಬ್ಬಿ ಕೆರೆದ ಜಾಗವನ್ನು ನೋಡಿದಳು. ಗುಂಡಿಯಷ್ಟು ಅಗಲ, ಮಂಕು ಬೆಳ್ಳಿ. ಆಮೇಲೆ ಅಮ್ಮನ ಕಡೆ ನೋಡಿದಳು. ಅಮ್ಮ ಹತ್ತಿರ ನಿಂತಿದ್ದಳು, ಅಷ್ಟೆ.

"ಹಾಕಲ್ಲ ಮೇಡಂ," ಅಂದಳು ಗುಬ್ಬಿ.